56 ತತ್ತಿಯ ಕಾವು ಪೆಟ್ಟಿಗೆ: ಗಂಗಾವತಿಯ ಬಿಸಿಲಲ್ಲಿ ಹೇಗೆ ನಡೆಯಿತು

ಆನ್‌ಲೈನ್‌ನಲ್ಲಿ ಇದೇ ಅಚ್ಚಿನ ಇನ್‌ಕ್ಯುಬೇಟರ್ ಹತ್ತಾರು ಹೆಸರಲ್ಲಿ ಸಿಗುತ್ತದೆ. ಸ್ಟಿಕ್ಕರ್ ಬೇರೆ, ಪೆಟ್ಟಿಗೆ ಒಂದೇ. ಬಿಳಿ ಪ್ಲಾಸ್ಟಿಕ್ ತಳ, ಆಚೆಯಿಂದ ಒಳಗೆ ಕಾಣುವ ಮುಚ್ಚಳ, ಮುಚ್ಚಳದಲ್ಲಿ ಫ್ಯಾನು ಮತ್ತು ಹೀಟರ್, ತತ್ತಿ ಹೊರಳಿಸಲು ಮೋಟರ್ ಇರುವ ಟ್ರೇ, ತಳದಲ್ಲಿ ನೀರಿನ ಎರಡು ಕಾಲುವೆ. 56 ತತ್ತಿ ಹಿಡಿಯುತ್ತದೆ. ನಾನು ಕೊಟ್ಟಿದ್ದು ಆರು ಸಾವಿರದ ಆಸುಪಾಸು. ಪ್ಯಾಕಿಂಗ್ ಚೆನ್ನಾಗಿತ್ತು, ಏನೂ ಒಡೆದಿರಲಿಲ್ಲ.

ನಾನು ಗಂಗಾವತಿಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತೇನೆ. ಮರಿ ಮಾಡಿ ಮಾರಲು ಇದನ್ನು ಕೊಂಡಿದ್ದಲ್ಲ. ಆಮ್ನಿಯೋಟ್ ಅಂದರೆ ಏನು ಅನ್ನುವುದನ್ನು ಮಕ್ಕಳಿಗೆ ಕಣ್ಣಾರೆ ತೋರಿಸಲು ಕೊಂಡಿದ್ದು. ಪುಸ್ತಕದಲ್ಲಿ ಅದು ನಾಲ್ಕು ಪೊರೆಗಳ ಒಂದು ಚಿತ್ರ. ಮಕ್ಕಳು ಹೆಸರು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಮರೆತುಬಿಡುತ್ತಾರೆ. ಈ ಪೆಟ್ಟಿಗೆ ಮನೆಗೆ ಬಂದ ಮೇಲೆ ಆ ಪಾಠದ ರೂಪವೇ ಬದಲಾಯಿತು. ಆದ್ದರಿಂದ ಈ ವಿಮರ್ಶೆಯಲ್ಲಿ ಯಂತ್ರದ ಮಾತಿಗಿಂತ ತತ್ತಿಯ ಮಾತೇ ಜಾಸ್ತಿ ಇರುತ್ತದೆ. ತತ್ತಿಯೊಳಗೆ ಏನು ನಡೆಯುತ್ತದೆ ಅಂತ ತಿಳಿಯದೆ ಈ ಯಂತ್ರ ಒಳ್ಳೆಯದೋ ಕೆಟ್ಟದ್ದೋ ಹೇಳಲು ಆಗುವುದಿಲ್ಲ.

ಮುಂಗಾರಿನ ಮೊದಲ ಮಳೆಗೆ ನಮ್ಮ ಗದ್ದೆಗಳಲ್ಲಿ ಕಪ್ಪೆಗಳು ಮೊಟ್ಟೆ ಇಡುವುದನ್ನು ನೀವು ನೋಡಿರುತ್ತೀರಿ. ಲೋಳೆಯೊಳಗೆ ಕಪ್ಪು ಚುಕ್ಕೆಗಳು. ಚಿಪ್ಪಿಲ್ಲ. ಗದ್ದೆಯ ನೀರು ಬತ್ತಿದರೆ ಅವೂ ಬತ್ತುತ್ತವೆ. ಉಸಿರಿಗೆ ಬೇಕಾದ ಆಮ್ಲಜನಕ ಬರುವುದು ಸುತ್ತಲಿನ ನೀರಿನಿಂದ, ಒಳಗಿನ ಕಸ ಅಮೋನಿಯಾ ಆಗಿ ಹೋಗುವುದೂ ಅದೇ ನೀರಿಗೆ. ನೀರು ಇಲ್ಲದ ಜಾಗದಲ್ಲಿ ಇಂಥ ಮೊಟ್ಟೆಗೆ ಬದುಕಿಲ್ಲ. ಹಾವು, ಹಲ್ಲಿ, ಆಮೆ, ಮೊಸಳೆ, ಹಕ್ಕಿ, ಮತ್ತೆ ನಾವು, ಇವರೆಲ್ಲ ಈ ಕಟ್ಟಿನಿಂದ ಬಿಡಿಸಿಕೊಂಡವರು. ಭ್ರೂಣ ತನ್ನ ಸುತ್ತ ತಾನೇ ಒಂದು ಪೊರೆ ಬೆಳೆಸಿ, ಅದರೊಳಗೆ ನೀರು ತುಂಬಿಕೊಂಡು, ಆ ನೀರಿನಲ್ಲಿ ಬೆಳೆಯುತ್ತದೆ. ಆ ಪೊರೆಯೇ ಆಮ್ನಿಯಾನ್. 1866ರಲ್ಲಿ ಅರ್ನ್ಸ್ಟ್ ಹೆಕೆಲ್ ಈ ಇಡೀ ಗುಂಪಿಗೆ ಆಮ್ನಿಯೋಟಾ ಅಂತ ಹೆಸರಿಟ್ಟರು.

ಈಗ ಯಂತ್ರಕ್ಕೆ ಬರೋಣ. ಇದು ಮಾಡುವುದು ಮೂರೇ ಕೆಲಸ. ಶಾಖ, ತೇವ, ಹೊರಳಿಸುವುದು. ಹೇಂಟೆ ಕಾವಿಗೆ ಕೂತಾಗ ಮಾಡುವುದೂ ಈ ಮೂರೇ. ಉಳಿದಿದ್ದನ್ನೆಲ್ಲ ತತ್ತಿ ತಾನೇ ನೋಡಿಕೊಳ್ಳುತ್ತದೆ.

ಶಾಖ 37.5ರಿಂದ 37.8 ಡಿಗ್ರಿ ಇರಬೇಕು. ಪೆಟ್ಟಿಗೆಯ ಡಿಸ್‌ಪ್ಲೇ ನಂಬಬೇಡಿ. ನನ್ನದರಲ್ಲಿ ಅದು ನಿಜಕ್ಕಿಂತ ಅರ್ಧ ಡಿಗ್ರಿ ಜಾಸ್ತಿ ತೋರಿಸುತ್ತದೆ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ತತ್ತಿಗಳ ಮಟ್ಟದಲ್ಲಿಟ್ಟು ಹೋಲಿಸಿ, ಸೆಟ್ಟಿಂಗ್‌ನಲ್ಲಿ ಆ ಅಂತರ ಸರಿಮಾಡಿ. ಮೂಲೆಯ ತತ್ತಿಗಳಿಗೆ ನಡುವಿನವುಗಳಿಗಿಂತ ಶಾಖ ಕಡಿಮೆ ಸಿಗುತ್ತದೆ. ಹಾಗಾಗಿ ಎರಡು ಮೂರು ದಿನಕ್ಕೊಮ್ಮೆ ಮೂಲೆಯವನ್ನು ನಡುವಿಗೆ, ನಡುವಿನವನ್ನು ಮೂಲೆಗೆ ಬದಲಿಸುತ್ತೇನೆ.

ಶಾಖ ಸ್ವಲ್ಪ ಏರಿಸಿದರೆ ಹೇಂಟೆ ಮರಿ ಜಾಸ್ತಿ ಆಗುತ್ತವೆ ಅಂತ ನಮ್ಮ ಕಡೆ ಕೆಲವರು ಹೇಳುತ್ತಾರೆ. ಕೋಳಿಯಲ್ಲಿ ಹಾಗಾಗುವುದಿಲ್ಲ. ಹುಂಜವೋ ಹೇಂಟೆಯೋ ಅನ್ನುವುದು ತಾಯಿಯ ಅಂಡ ತಯಾರಾಗುವಾಗಲೇ ಕ್ರೋಮೋಸೋಮಿನಲ್ಲಿ ತೀರ್ಮಾನ ಆಗಿರುತ್ತದೆ. ಶಾಖಕ್ಕೆ ತಕ್ಕಂತೆ ಗಂಡು ಹೆಣ್ಣು ಬದಲಾಗುವುದು ನಮ್ಮ ತುಂಗಭದ್ರೆಯ ಮೊಸಳೆಯಲ್ಲಿ. ಅದು ದಡದ ಮಣ್ಣು ತೋಡಿ ತತ್ತಿ ಇಡುತ್ತದೆ. ಗುಂಡಿಯೊಳಗೆ ಸುಮಾರು 32.5 ಡಿಗ್ರಿ ಇದ್ದರೆ ಗಂಡು ಮರಿ, 30ರ ಆಸುಪಾಸಿನಲ್ಲಿ ಇದ್ದರೆ ಹೆಣ್ಣು. ಎರಡೂ ಆಮ್ನಿಯೋಟ್, ಎರಡರ ತತ್ತಿಗೂ ಗಟ್ಟಿ ಚಿಪ್ಪು, ಆದರೂ ದಾರಿ ಎಷ್ಟು ಬೇರೆ ನೋಡಿ.

ತೇವದ ವಿಷಯಕ್ಕೆ ಬಂದರೆ ಈ ಪೆಟ್ಟಿಗೆಯ ದೊಡ್ಡ ಕೊರತೆ ಕಾಣುತ್ತದೆ. ನೀರು ಹಾಕಲು ಪಕ್ಕದಲ್ಲಿ ಒಂದು ತೂತಿದೆ. ಒಳಗೆ ಎಷ್ಟು ನೀರಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಮೀಟರ್ ತೋರಿಸುವ ತೇವದ ಅಂಕಿಯೂ ಸುಮ್ನೆ ಅಂದಾಜು. ಕೋಳಿ ತತ್ತಿಯ ಚಿಪ್ಪಿನಲ್ಲಿ ಸುಮಾರು ಹತ್ತು ಸಾವಿರ ಸೂಕ್ಷ್ಮ ರಂಧ್ರಗಳಿರುತ್ತವೆ. ಅವುಗಳ ಮೂಲಕ ಆಮ್ಲಜನಕ ಒಳಗೆ ಬರುತ್ತದೆ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹೊರಗೆ ಹೋಗುತ್ತವೆ. ನೀರು ಸ್ವಲ್ಪ ಹೋಗಲೇಬೇಕು. ಹೋದಷ್ಟು ಜಾಗದಲ್ಲಿ ತತ್ತಿಯ ದಪ್ಪ ತುದಿಯಲ್ಲಿ ಗಾಳಿ ಸೇರುತ್ತದೆ. ಮರಿಯ ಮೊದಲ ಉಸಿರು ಆ ಗಾಳಿಯದೇ. ಜಾಸ್ತಿ ಹೋದರೆ ಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. ಕಡಿಮೆ ಹೋದರೆ ಗಾಳಿಯ ಜಾಗ ಸಾಲದೆ ಮರಿ ಉಸಿರುಗಟ್ಟುತ್ತದೆ. ಮೊದಲ 18 ದಿನ ಶೇಕಡಾ 50–55 ತೇವ, ಕೊನೆಯ ಮೂರು ದಿನ 65–70 ಅಂತ ಲೆಕ್ಕ.

ಮೀಟರ್ ನಂಬಲಾಗದಿದ್ದರೆ ಏನು ಮಾಡಬೇಕು? ತೂಕ ನೋಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. 50 ಗ್ರಾಂ ಇರುವ ನಾಟಿ ತತ್ತಿ 18ನೇ ದಿನಕ್ಕೆ ಸುಮಾರು 44 ಗ್ರಾಂ ಆಗಬೇಕು. ಅದಕ್ಕಿಂತ ಬೇಗ ಇಳಿಯುತ್ತಿದ್ದರೆ ನೀರು ಜಾಸ್ತಿ ಮಾಡಿ, ನಿಧಾನ ಇದ್ದರೆ ಕಡಿಮೆ ಮಾಡಿ. ನನ್ನ ಮಕ್ಕಳು ತತ್ತಿಗೆ ಪೆನ್ಸಿಲಿನಲ್ಲಿ ನಂಬರ್ ಹಾಕಿ, ತೂಕದ ಗ್ರಾಫ್ ಬರೆದರು. ಚಿಪ್ಪಿನ ರಂಧ್ರ ಕಣ್ಣಿಗೆ ಕಾಣದಿದ್ದರೂ ಅದರ ಕೆಲಸ ಗ್ರಾಫಿನಲ್ಲಿ ಕಾಣುತ್ತದೆ.

ಹೊರಳಿಸುವ ಮೋಟರ್ ಚೆನ್ನಾಗಿದೆ. ಎರಡು ಗಂಟೆಗೊಮ್ಮೆ ನಿಧಾನವಾಗಿ ವಾಲಿಸುತ್ತದೆ, ರಾತ್ರಿ ನಿದ್ದೆ ಕೆಡಿಸುವಷ್ಟು ಸದ್ದಿಲ್ಲ. ಇದು ಯಾಕೆ ಬೇಕು ಅಂತ ತುಂಬಾ ಜನ ಕೇಳುತ್ತಾರೆ. ತತ್ತಿ ಒಂದೇ ಮಗ್ಗುಲಲ್ಲಿ ಇದ್ದರೆ ಹಳದಿಯ ಮೇಲೆ ತೇಲುವ ಭ್ರೂಣ ಮತ್ತು ಅದರ ಪೊರೆಗಳು ಚಿಪ್ಪಿನ ಒಳಪೊರೆಗೆ ಅಂಟಿ ಸಾಯುತ್ತವೆ. 18ನೇ ದಿನ ಹೊರಳಿಸುವುದನ್ನು ನಿಲ್ಲಿಸಬೇಕು. ಆಗ ಮರಿ ಹೊರಬರುವ ಭಂಗಿಗೆ ತಿರುಗುತ್ತಿರುತ್ತದೆ.

ಈ ಯಂತ್ರದ ನಿಜವಾದ ಸುಖ ಇರುವುದು ಟಾರ್ಚಿನಲ್ಲಿ. ಕೆಲವು ಮಾದರಿಗಳಲ್ಲಿ ಪೆಟ್ಟಿಗೆಯ ಮೇಲೆಯೇ ತತ್ತಿ ನೋಡುವ ದೀಪ ಇರುತ್ತದೆ. ನನ್ನದರಲ್ಲೂ ಇದೆ, ಆದರೆ ಮಂದ. ಮೊಬೈಲ್ ಟಾರ್ಚಿಗೆ ನಡುವೆ ತೂತಿರುವ ರಟ್ಟು ಇಟ್ಟು, ಕತ್ತಲೆ ಕೋಣೆಯಲ್ಲಿ ನೋಡುವುದೇ ಒಳ್ಳೆಯದು. ನಮ್ಮ ನಾಟಿ ಕೋಳಿಯ ತತ್ತಿ ತಿಳಿ ಬಣ್ಣದ್ದು, ಒಳಗೆ ಚೆನ್ನಾಗಿ ಕಾಣುತ್ತದೆ.

ಎರಡನೇ ದಿನಕ್ಕೆಲ್ಲ ಹೃದಯ ಬಡಿಯಲು ಶುರುವಾಗಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ನಾಲ್ಕನೇ ದಿನ ಕೆಂಪು ಎಳೆಗಳು ಕಾಣುತ್ತವೆ. ನಡುವೆ ಒಂದು ಚುಕ್ಕೆ, ಅದರಿಂದ ಎಲ್ಲ ಕಡೆಗೂ ಹರಡಿದ ರಕ್ತನಾಳಗಳು. ಮೊದಲು ಕಾಣುವ ಈ ನಾಳಗಳು ಹಳದಿಯನ್ನು ಸುತ್ತಿದ ಚೀಲದವು. ಆ ಚೀಲ ಹಳದಿಯ ಕೊಬ್ಬು, ಪ್ರೋಟೀನ್ ಕರಗಿಸಿ ಮರಿಗೆ ಕಳಿಸುತ್ತದೆ. ಅಷ್ಟರಲ್ಲಿ ಭ್ರೂಣದ ಸುತ್ತ ಮಡಿಕೆಗಳು ಎದ್ದು, ಮೇಲೆ ಕೂಡಿಕೊಂಡು ಆಮ್ನಿಯಾನ್ ಚೀಲ ಮುಚ್ಚಿರುತ್ತದೆ. ಏಳನೇ ದಿನದ ಹೊತ್ತಿಗೆ ಕಣ್ಣಿನ ಕಪ್ಪು ಚುಕ್ಕೆ ದೊಡ್ಡದಾಗಿ ಕಾಣುತ್ತದೆ, ಭ್ರೂಣ ನಿಧಾನವಾಗಿ ತೂಗುತ್ತದೆ. ಆ ತೂಗಾಟ ಪೂರ್ತಿ ಮರಿಯದಲ್ಲ. ಆಮ್ನಿಯಾನ್ ಪೊರೆಯಲ್ಲಿ ಸ್ನಾಯುವಿನ ಎಳೆಗಳಿವೆ. ಅದು ತಾನೇ ಕುಗ್ಗಿ ಹಿಗ್ಗಿ ಒಳಗಿನ ನೀರನ್ನೂ ಮರಿಯನ್ನೂ ತೊಟ್ಟಿಲು ತೂಗಿದಂತೆ ತೂಗುತ್ತದೆ. ಇದನ್ನು ಮೊದಲ ಸಲ ನೋಡಿದ ಹುಡುಗಿಯೊಬ್ಬಳು ಟಾರ್ಚ್ ಬಿಡಲೇ ಇಲ್ಲ. ಇನ್ನೊಂದು ತತ್ತಿ ನೋಡೋಣ ಅಂದರೂ ಅದನ್ನೇ ನೋಡುತ್ತಾ ಕೂತಳು. ನನಗೂ ಪ್ರತಿ ಸಲ ಹಾಗೇ ಅನಿಸುತ್ತದೆ.

ಉಳಿದ ಎರಡು ಪೊರೆಗಳಲ್ಲಿ ಕೋರಿಯಾನ್ ಎಲ್ಲಕ್ಕೂ ಹೊರಗಿನದು. ಅಲಾಂಟಾಯಿಸ್ ಮರಿಯ ಕರುಳಿನ ಹಿಂಭಾಗದಿಂದ ಹೊರಟ ಚೀಲ. ಅದರ ಮೊದಲ ಕೆಲಸ ಕಸ ಇಟ್ಟುಕೊಳ್ಳುವುದು. ಮುಚ್ಚಿದ ತತ್ತಿಯಲ್ಲಿ ಅಮೋನಿಯಾ ಸೇರಿದರೆ ವಿಷ. ಅದಕ್ಕೇ ಹಕ್ಕಿಯ ಭ್ರೂಣ ಕಸವನ್ನು ನೀರಿನಲ್ಲಿ ಕರಗದ ಯೂರಿಕ್ ಆಮ್ಲ ಮಾಡಿ ಈ ಚೀಲದಲ್ಲಿ ಕೂಡಿಡುತ್ತದೆ. ಚೀಲ ಬೆಳೆಯುತ್ತಾ ಹೋಗಿ ಕೋರಿಯಾನಿಗೆ ಕೂಡಿಕೊಂಡು, 12ನೇ ದಿನದ ಹೊತ್ತಿಗೆ ಇಡೀ ಚಿಪ್ಪಿನ ಒಳಮೈಗೆ ಹಾಸಿಕೊಂಡಿರುತ್ತದೆ. ಈಗ ಅದೇ ಮರಿಯ ಶ್ವಾಸಕೋಶ. ರಂಧ್ರದಿಂದ ಬಂದ ಆಮ್ಲಜನಕ ನೇರ ಅದರ ರಕ್ತಕ್ಕೆ ಹೋಗುತ್ತದೆ. ಚಿಪ್ಪಿನ ಕ್ಯಾಲ್ಸಿಯಂ ಕರಗಿಸಿ ಮರಿಯ ಮೂಳೆಗೆ ಕೊಡುವುದೂ ಅದೇ. ಮೂಳೆಗೆ ಬೇಕಾದ ಕ್ಯಾಲ್ಸಿಯಂನ ಬಹುಪಾಲು ಬರುವುದು ಚಿಪ್ಪಿನಿಂದಲೇ. ವೈರಸ್ ಬೆಳೆಸುವವರು ಈ ಪೊರೆಯನ್ನು 1930ರ ದಶಕದಿಂದ ಬಳಸುತ್ತಿದ್ದಾರೆ. ಫ್ಲೂ ಲಸಿಕೆಯ ಬಹುಪಾಲು ಇಂದಿಗೂ ಕೋಳಿ ತತ್ತಿಯೊಳಗೇ ತಯಾರಾಗುತ್ತದೆ.

ಮರಿ ಹೊರಬಂದ ಮೇಲೆ ಚಿಪ್ಪನ್ನು ಎಸೆಯಬೇಡಿ. ಒಳಪೊರೆ ನೋಡಿ. ಒಣಗಿದ ರಕ್ತನಾಳಗಳ ಜಾಲ, ಅಲ್ಲಲ್ಲಿ ಬಿಳಿ ಸುಣ್ಣದಂಥ ಕಸ. ಆ ಬಿಳಿಯದೇ ಯೂರಿಕ್ ಆಮ್ಲದ ಉಳಿಕೆ. ಕಪ್ಪೆ ನೀರಿಗೆ ಬಿಟ್ಟ ಕಸವನ್ನು ಕೋಳಿ ಮರಿ ಗಂಟು ಕಟ್ಟಿ ಬಿಟ್ಟು ಹೋಗಿರುತ್ತದೆ.

ನಮ್ಮ ಮನೆಗಳಲ್ಲಿ ಎಮ್ಮೆ ಈದ ಮೇಲೆ ಕಸ ಬಿತ್ತಾ ಅಂತ ಹಿರಿಯರು ಕಾಯುತ್ತಾರಲ್ಲ, ಆ ಕಸ ಇವೇ ಪೊರೆಗಳು. ಹೆಣ್ಣುಮಕ್ಕಳಿಗೆ ಹೆರಿಗೆಯ ಮುಂಚೆ ಹೋಗುವ ನೀರು ಆಮ್ನಿಯಾನಿನ ನೀರು. ಕೋರಿಯಾನ್ ಮಾಸಿನ ಭಾಗವಾಗಿದೆ. ಅಲಾಂಟಾಯಿಸಿನ ನಾಳಗಳು ಹೊಕ್ಕುಳಬಳ್ಳಿಯ ನಾಳಗಳಾಗಿವೆ. ಹಳದಿ ಚೀಲವೂ ನಮ್ಮಲ್ಲಿ ಇದೆ, ಹಳದಿ ಮಾತ್ರ ಇಲ್ಲ. ಮಗುವಿನ ಮೊದಲ ರಕ್ತಕಣಗಳು ಹುಟ್ಟುವುದು ಅಲ್ಲೇ. ಚಿಪ್ಪು ಹೋಯಿತು, ಪೊರೆಗಳು ನಾಲ್ಕೂ ಉಳಿದವು. ಪಾಠದಲ್ಲಿ ಈ ಜಾಗಕ್ಕೆ ಬಂದಾಗ ತರಗತಿ ಸುಮ್ಮನಾಗುತ್ತದೆ, ಯಾರೂ ಗಡಿಯಾರ ನೋಡುವುದಿಲ್ಲ.

ಈ ಪೊರೆಯ ತತ್ತಿ ಎಷ್ಟು ಹಳೆಯದು, ಅದು ಹೇಗೆ ಗೊತ್ತು ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಮೊದಲ ತತ್ತಿಯ ಪಳೆಯುಳಿಕೆ ಇಲ್ಲ. ಮೆತ್ತಗಿನ ಪೊರೆ ಕಲ್ಲಾಗುವುದು ಅಪರೂಪ. ಮೂಳೆಯಿಂದ ತಿಳಿಯಬೇಕು. ಕೆನಡಾದ ನೋವಾ ಸ್ಕೋಶಿಯಾದ ಜಾಗಿನ್ಸ್‌ನಲ್ಲಿ ಟೊಳ್ಳು ಮರದ ಬುಡದ ಪಳೆಯುಳಿಕೆಯೊಳಗೆ ಹೈಲೋನೋಮಸ್ ಅನ್ನುವ ಹಲ್ಲಿಯಂಥ ಪ್ರಾಣಿ ಸಿಕ್ಕಿದೆ. ಒಂದು ಗೇಣಿನಷ್ಟು ಉದ್ದ, 31 ಕೋಟಿ ವರ್ಷಕ್ಕೂ ಹಳೆಯದು. ಬಹಳ ಕಾಲ ಅದೇ ಆಮ್ನಿಯೋಟುಗಳ ಅತಿ ಹಳೆಯ ಸಾಕ್ಷಿಗಳಲ್ಲಿ ಒಂದಾಗಿತ್ತು. 2025ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಿಂದ ಉಗುರಿನ ಗುರುತು ಇರುವ ಹೆಜ್ಜೆಗಳ ವರದಿ ಬಂತು. ಅವು ಸುಮಾರು 35.5 ಕೋಟಿ ವರ್ಷ ಹಳೆಯವು. ಉಗುರು ಆಮ್ನಿಯೋಟುಗಳ ಲಕ್ಷಣ, ಹಾಗಾಗಿ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಮೊದಲ ಆಮ್ನಿಯೋಟುಗಳು ಗಟ್ಟಿ ಚಿಪ್ಪಿನ ತತ್ತಿ ಇಟ್ಟವೋ, ಭ್ರೂಣವನ್ನು ಹೊಟ್ಟೆಯಲ್ಲೇ ಬಹಳ ದಿನ ಇಟ್ಟುಕೊಂಡವೋ ಅನ್ನುವ ವಾದ 2023ರಲ್ಲಿ ಮತ್ತೆ ಜೋರಾಯಿತು. ಹೊಟ್ಟೆಯಲ್ಲಿ ಇಟ್ಟುಕೊಂಡವು ಅನ್ನುವವರ ಮಾತು ನನಗೆ ಹಿಡಿಸಿದೆ. ಈಗಲೂ ಎಷ್ಟೋ ಹಲ್ಲಿ, ಹಾವುಗಳು ಮರಿಯನ್ನೇ ಹಾಕುತ್ತವಲ್ವಾ.

ಬರೀ ತತ್ತಿಯಿಂದ ಒಣ ನೆಲ ಒಲಿಯಲಿಲ್ಲ. ಕಪ್ಪೆ ಉಸಿರಾಡುವಾಗ ಗಂಟಲು ಉಬ್ಬಿ ಇಳಿಯುತ್ತದೆ, ಗಾಳಿಯನ್ನು ಬಾಯಿಂದ ಒಳಗೆ ತಳ್ಳುತ್ತದೆ. ಮನೆಯ ಗೋಡೆಯ ಹಲ್ಲಿಯನ್ನು ನೋಡಿ, ಪಕ್ಕೆ ಅಲುಗುತ್ತದೆ. ಪಕ್ಕೆಲುಬು ಹಿಗ್ಗಿಸಿ ಗಾಳಿ ಎಳೆದುಕೊಳ್ಳುವುದು ಆಮ್ನಿಯೋಟುಗಳ ರೀತಿ. ಕಪ್ಪೆ ಚರ್ಮದಿಂದಲೂ ಉಸಿರಾಡಬೇಕು, ಅದಕ್ಕೆ ಚರ್ಮ ಒದ್ದೆ ಇರಬೇಕು. ಪಕ್ಕೆಯಿಂದ ಉಸಿರಾಡುವ ಪ್ರಾಣಿ ಚರ್ಮವನ್ನು ಕೆರಾಟಿನ್‌ನಿಂದ ಗಟ್ಟಿ ಮಾಡಿ ನೀರು ಹೋಗದಂತೆ ಮುಚ್ಚಿಕೊಳ್ಳಬಹುದು. ಹುರುಪೆ, ಗರಿ, ಕೂದಲು, ಉಗುರು ಎಲ್ಲದರಲ್ಲೂ ಕೆರಾಟಿನ್ ಇದೆ. ಒಣ ಜಾಗದಲ್ಲಿ ಬದುಕುವ ತತ್ತಿ ತೋರಿಸಲು ಯಂತ್ರವೂ ಬೇಡ. ಟ್ಯೂಬ್‌ಲೈಟ್ ಪಟ್ಟಿಯ ಹಿಂದೆ ಹಲ್ಲಿ ಇಟ್ಟ ಎರಡು ಬಿಳಿ ತತ್ತಿ ಹುಡುಕಿ ತೋರಿಸಿದರೆ ಸಾಕು.

ನಾವು ಕೋಳಿಯಿಂದ ಬಂದವರಲ್ಲ, ಕೋಳಿಯೂ ನಮ್ಮಿಂದ ಬಂದದ್ದಲ್ಲ. ದಾರಿ ಬಹಳ ಹಿಂದೆಯೇ ಕವಲಾಯಿತು. ಕಣತಲೆಯ ಮೇಲೆ ಬೆರಳಿಟ್ಟು ಹಲ್ಲು ಕಚ್ಚಿ. ಅಲುಗುವ ಸ್ನಾಯು ಇದೆಯಲ್ಲ, ನಮ್ಮ ಬಹಳ ಹಿಂದಿನ ಪೂರ್ವಜ ಪ್ರಾಣಿಗಳ ತಲೆಬುರುಡೆಯಲ್ಲಿ ಕಣ್ಣಿನ ಹಿಂದೆ ಇದ್ದ ಒಂದೇ ಕಿಂಡಿಯ ಜಾಗ ಅದು. ಮೊಸಳೆಯಲ್ಲಿ ಕಿಂಡಿ ಎರಡು. ಹಕ್ಕಿ ಅದೇ ಎರಡು ಕಿಂಡಿಯ ವಂಶದ್ದು. ಆಮೆಯ ಬುರುಡೆಯಲ್ಲಿ ಕಿಂಡಿ ಇಲ್ಲ, ಆದರೂ ವಂಶವಾಹಿ ನೋಡಿದರೆ ಅದು ಮೊಸಳೆ, ಹಕ್ಕಿಗಳ ಹತ್ತಿರದ್ದು. ಸಸ್ತನಿಗಳಲ್ಲಿ ಕೆಳದವಡೆ ಒಂದೇ ಮೂಳೆಯಾಗಿ, ಹಳೆಯ ದವಡೆಯ ಕೀಲಿನ ಎರಡು ಮೂಳೆಗಳು ಕಿವಿಯೊಳಗೆ ಸೇರಿದವು. 1837ರಲ್ಲಿ ಜರ್ಮನಿಯ ರೈಕರ್ಟ್ ಇದನ್ನು ಭ್ರೂಣಗಳಲ್ಲಿ ನೋಡಿ ಹೇಳಿದರು. ಕೋಳಿಯ ದವಡೆ ಇಂದಿಗೂ ಆ ಹಳೆಯ ಕೀಲಿನ ಮೇಲೆಯೇ ಆಡುತ್ತದೆ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ತುಂಗಭದ್ರಾ ಹೊಳೆಯನ್ನು 2015ರಲ್ಲಿ ನೀರುನಾಯಿ ಮೀಸಲು ಪ್ರದೇಶ ಅಂತ ಘೋಷಿಸಿದ್ದಾರೆ. ಒಂದು ಕಿಂಡಿಯ ನೀರುನಾಯಿ, ಎರಡು ಕಿಂಡಿಯ ಮೊಸಳೆ, ಕಿಂಡಿ ಮುಚ್ಚಿದ ಆಮೆ, ಮೂರೂ ಆ ಒಂದೇ ನೀರಿನಲ್ಲಿವೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಾಲಯ ಬೇಕಾ?

ಮತ್ತೆ ಪೆಟ್ಟಿಗೆಗೆ ಬರುತ್ತೇನೆ. 19, 20ನೇ ದಿನ ಉಳಿದ ಹಳದಿ ಚೀಲ ಮರಿಯ ಹೊಟ್ಟೆಯೊಳಗೆ ಹೋಗುತ್ತದೆ. ಅದರಿಂದಲೇ ಹುಟ್ಟಿದ ಮರಿ ಎರಡು ಮೂರು ದಿನ ಏನೂ ತಿನ್ನದೆ ಇರಬಲ್ಲದು. ಒಂದು ದಿನದ ಮರಿಗಳನ್ನು ರಟ್ಟಿನ ಡಬ್ಬಿಯಲ್ಲಿ ದೂರದ ಊರಿಗೆ ಕಳಿಸಲು ಆಗುವುದು ಇದೇ ಕಾರಣಕ್ಕೆ. ಮರಿ ಮೊದಲು ಒಳಗಿನ ಗಾಳಿಯ ಜಾಗಕ್ಕೆ ಕೊಕ್ಕು ತೂರಿಸುತ್ತದೆ, ಶ್ವಾಸಕೋಶದಿಂದ ಉಸಿರಾಡುತ್ತದೆ, ಚಿಪ್ಪಿನೊಳಗಿನಿಂದಲೇ ಚಿಂವ್ ಅನ್ನುತ್ತದೆ. ಆಮೇಲೆ ಕೊಕ್ಕಿನ ತುದಿಯ ಪುಟ್ಟ ಗಟ್ಟಿ ಮೊನೆಯಿಂದ ಚಿಪ್ಪು ಒಡೆಯುತ್ತದೆ. ಆ ಮೊನೆ ಕೆಲವೇ ದಿನದಲ್ಲಿ ಉದುರಿಹೋಗುತ್ತದೆ. ಮೊದಲ ಬಿರುಕಿನಿಂದ ಪೂರ್ತಿ ಹೊರಬರಲು 12ರಿಂದ 24 ಗಂಟೆ ಹಿಡಿಯಬಹುದು.

ಇಲ್ಲಿ ದಯವಿಟ್ಟು ಕೈ ಹಾಕಬೇಡಿ. ಮರಿ ಸಿಕ್ಕಿಕೊಂಡಿದೆ ಅಂತ ಚಿಪ್ಪು ಸುಲಿದವರ ದೂರು ಆನ್‌ಲೈನ್‌ನಲ್ಲಿ ತುಂಬಾ ನೋಡಿದ್ದೇನೆ, ಬೈದಿರುವುದು ಯಂತ್ರವನ್ನು. ಆ ಹೊತ್ತಿಗೆ ಪೊರೆಯ ನಾಳಗಳಲ್ಲಿ ಇನ್ನೂ ರಕ್ತ ಹರಿಯುತ್ತಿರುತ್ತದೆ. ಸುಲಿದರೆ ಮರಿ ರಕ್ತ ಹೋಗಿ ಸಾಯುತ್ತದೆ. ಅದು ರಕ್ತವನ್ನು ಒಳಗೆ ಎಳೆದುಕೊಳ್ಳಲು ಬಿಡಬೇಕು. ಮುಚ್ಚಳ ಪದೇ ಪದೇ ತೆಗೆದರೆ ತೇವ ಹೋಗಿ ಉಳಿದವಕ್ಕೂ ಪೊರೆ ಅಂಟುತ್ತದೆ.

ಮುಂಗಾರಿನಲ್ಲಿ, ಚಳಿಗಾಲದಲ್ಲಿ ಹೊಸ ತತ್ತಿ ಇಟ್ಟಾಗ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಮರಿಯಾದವು. ಗೊಡ್ಡು ತತ್ತಿಗಳನ್ನು ಏಳನೇ ದಿನವೇ ಟಾರ್ಚಿನಲ್ಲಿ ಗುರುತಿಸಿ ತೆಗೆಯಬಹುದು. ಏಪ್ರಿಲ್, ಮೇ ತಿಂಗಳ ಕಥೆ ಬೇರೆ. ಈ ಯಂತ್ರಕ್ಕೆ ಬಿಸಿ ಮಾಡುವುದು ಗೊತ್ತು, ತಂಪು ಮಾಡುವುದು ಗೊತ್ತಿಲ್ಲ. ಗಂಗಾವತಿಯ ಮಧ್ಯಾಹ್ನ ಹೊರಗೆ 40 ದಾಟಿದಾಗ ಶೀಟಿನ ಮನೆಯೊಳಗೆ ಹೀಟರ್ ಆಫ್ ಇದ್ದರೂ ಪೆಟ್ಟಿಗೆಯೊಳಗೆ 39 ಮೀರುತ್ತದೆ. ಕರೆಂಟ್ ಹೋಗಿ ಒಂದೆರಡು ಗಂಟೆ ತಣ್ಣಗಾದರೆ ಭ್ರೂಣ ತಡೆಯುತ್ತದೆ, ಹೇಂಟೆಯೂ ಮೇವಿಗೆ ಎದ್ದು ಹೋಗುತ್ತದಲ್ಲ. ಶಾಖ ಏರಿದರೆ ತಡೆಯುವುದಿಲ್ಲ. ಇಡುವ ಮುಂಚೆ ಕೂಡಿಸಿಟ್ಟ ತತ್ತಿಗೂ ಬೇಸಿಗೆ ಕೆಟ್ಟದ್ದು. 15–18 ಡಿಗ್ರಿಯಲ್ಲಿ ಒಂದು ವಾರ ಇಡಬಹುದು. ನಮ್ಮ ಕೋಣೆಗಳ ಬಿಸಿಗೆ ಒಳಗಿನ ಭ್ರೂಣ ಅರೆಬರೆ ಬೆಳೆಯಲು ಶುರುಮಾಡಿ ಸೋತುಹೋಗುತ್ತದೆ. ನಮ್ಮ ಅತ್ತೆ ಒದ್ದೆ ಮರಳಿನ ಮೇಲೆ ಮಡಕೆ ಇಟ್ಟು ಅದರಲ್ಲಿ ತತ್ತಿ ಇಡುತ್ತಾರೆ. ನಾನೂ ಈಗ ಹಾಗೇ ಮಾಡುತ್ತೇನೆ.

ಮಾರಾಟಗಾರರ ಸೇವೆ ನನಗೆ ಬೇಸರ ತಂದಿತು. ಬದಲಿ ಮೋಟರ್ ಬೇಕು ಅಂತ ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ಕೈಪಿಡಿಯಲ್ಲಿ ಕನ್ನಡ ಇಲ್ಲ, ತೇವದ ವಿವರ ಎರಡೇ ಸಾಲು. ಬೋರ್‌ವೆಲ್ ನೀರು ಹಾಕಿದರೆ ಕಾಲುವೆಯಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಫಿಲ್ಟರ್ ನೀರೇ ಹಾಕಿ.

ಶಾಲೆ ಕಾಲೇಜಿನವರು, ಮನೆಯಲ್ಲಿ ಹತ್ತಿಪ್ಪತ್ತು ನಾಟಿ ಕೋಳಿ ಇರುವವರು ಧೈರ್ಯವಾಗಿ ಕೊಳ್ಳಿ. ಐದಕ್ಕೆ ನಾಲ್ಕು ಕೊಡುತ್ತೇನೆ. ವ್ಯಾಪಾರಕ್ಕೆ ಮರಿ ಮಾಡುವವರಿಗೆ ಇದು ಸಾಲದು, ದೊಡ್ಡ ಯಂತ್ರವನ್ನೇ ನೋಡಿ. ಕೊಳ್ಳುವಾಗ 12 ವೋಲ್ಟ್ ಬ್ಯಾಟರಿ ಹಾಕುವ ಸಾಕೆಟ್ ಇರುವ ಮಾದರಿಯನ್ನೇ ಕೇಳಿ, ಬ್ಯಾಟರಿಯ ವೈರ್ ಡಬ್ಬಿಯಲ್ಲಿ ಇದೆಯಾ ಅಂತ ಮೊದಲೇ ವಿಚಾರಿಸಿ, ಜೂನ್ ಮಳೆ ಬಿದ್ದ ಮೇಲೆ ಮೊದಲ ತತ್ತಿ ಇಡಿ.